ಪೆಟ್ರೋಲ್ ಟಾಕಿಯ ರೋಗವೂ ಅದರ ಮದ್ದೂ

ಒಂದು ಕಾಲಕ್ಕೆ ನಮ್ಮ ಸೀಮೆಯಲ್ಲಿ ರೈತನ ಸ್ಥಿತಿಯನ್ನು ಅವನ ಎತ್ತುಗಳಿಂದ ಅಳೆಯುತ್ತಿದ್ದರು. ಇಂದು ತಿಕೋಟಾದ ದ್ರಾಕ್ಷಿ ಪಡಗಳಿಂದ ಹಿಡಿದು ಬಬಲೇಶ್ವರದ ಎರೆಹೊಲಗಳವರೆಗೆ ಎಲ್ಲಿ ನೋಡಿದರೂ ಮೋಟಾರ್ ಸೈಕಲ್ಲೇ ಮನೆಯ ಎತ್ತಾಗಿರುವದು. ಎತ್ತು ಮೇವು ಬಿಟ್ಟರೆ ಕಾರಣವನ್ನು ಹುಡುಕುವ ನಮ್ಮ ಜನರು, ಗಾಡಿಯ ಟಾಕಿಯ ಬಣ್ಣ ಉಬ್ಬಿದರೆ ಮಾತ್ರ ಕಾರಣ ಕೇಳದೆ ಬಣ್ಣದವನ ಕಡೆಗೆ ಒಯ್ಯುವರು. ನಾನು ಕಲಾ ವಿಭಾಗದ ವಿದ್ಯಾರ್ಥಿ, ಯಂತ್ರಶಾಸ್ತ್ರವನ್ನು ಓದಿದವನಲ್ಲ. ಆದರೂ ಕಳೆದ ಬೇಸಿಗೆಯ ರಜೆಯಲ್ಲಿ ವಿಜಯಪುರದ ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡುತ್ತ ಕಲಿತುಕೊಂಡುದನ್ನು ವಾಚಕರ ಮುಂದಿಡಲು ಇಲ್ಲಿ ಯತ್ನಿಸಿದ್ದೇನೆ.

ಈಗ ನಾವು ಕೊಳ್ಳುವ ಪೆಟ್ರೋಲು ಬರಿಯ ಪೆಟ್ರೋಲಲ್ಲ. ಕಬ್ಬಿನ ರಸ, ಕಾಕಂಬಿ ಹಾಗೂ ಧಾನ್ಯಗಳಿಂದ ತಯಾರಾಗುವ ಎಥೆನಾಲ್ ಎಂಬ ಮದ್ಯಸಾರವು ಅದರಲ್ಲಿ ಬೆರೆತಿರುವದು. 2003ರಲ್ಲಿ ಕರ್ನಾಟಕವೂ ಸೇರಿ ಒಂಬತ್ತು ರಾಜ್ಯಗಳಲ್ಲಿ ನೂರಕ್ಕೆ 5ರಷ್ಟು ಬೆರೆಸಲು ಆರಂಭವಾಯಿತು. 2022ರಲ್ಲಿ ಈ ಪ್ರಮಾಣ ನೂರಕ್ಕೆ 10ಕ್ಕೆ ಮುಟ್ಟಿತು. ನೂರಕ್ಕೆ 20ರಷ್ಟು ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. 2025ರಲ್ಲಿ ಅದು ದೇಶದ ತುಂಬ ಹಬ್ಬಿತು. ಇದರಿಂದ ಹೊರದೇಶದ ಎಣ್ಣೆಗೆ ತೆರುವ ಹಣ ಉಳಿಯುವದು. ಕೃಷ್ಣೆಯ ದಂಡೆಯ ಕಬ್ಬು ಬೆಳೆಗಾರನಿಗೂ ಒಂದು ಆಸರೆ. ಇದರ ಗುಣವನ್ನು ಅಲ್ಲಗಳೆಯುವದು ನನ್ನ ಉದ್ದೇಶವಲ್ಲ.

ಆದರೆ ಎಥೆನಾಲಿಗೆ ಒಂದು ಸ್ವಭಾವವಿದೆ: ಅದಕ್ಕೆ ನೀರಿನ ಮೇಲೆ ಬಲು ಪ್ರೀತಿ. ಪೆಟ್ರೋಲು ನೀರನ್ನು ಹತ್ತಿರ ಸೇರಿಸದು. ಎಥೆನಾಲಾದರೋ ಗಾಳಿಯ ತೇವವನ್ನೂ ಹೀರಿಕೊಳ್ಳುವದು. ಮುಚ್ಚಳದ ರಬ್ಬರು ಸವೆದಿದ್ದರೆ ಮಳೆಯ ನೀರೂ ಇಳಿಯುವದು. ಸ್ವಲ್ಪ ನೀರಿದ್ದರೆ ಎಲ್ಲವೂ ಕೂಡಿಕೊಂಡಿರುವದು. ನೀರು ಮಿತಿ ಮೀರಿತೆಂದರೆ, ಇಲ್ಲವೆ ರಾತ್ರಿಯ ಚಳಿಗೆ, ನೀರು ಮತ್ತು ಎಥೆನಾಲ್ ಒಂದಾಗಿ ಪೆಟ್ರೋಲನ್ನು ಬಿಟ್ಟು ತಳಕ್ಕೆ ಇಳಿಯುವವು. ಇದನ್ನು ಯಾರಾದರೂ ಪರೀಕ್ಷಿಸಬಹುದು. ಗೆರೆಗಳಿರುವ ಗಾಜಿನ ಕೊಳವೆಯಲ್ಲಿ 100 ಮಿಲಿಲೀಟರ್ ಪೆಟ್ರೋಲಿಗೆ 10 ಮಿಲಿಲೀಟರ್ ನೀರು ಹಾಕಿ, ಕುಲುಕಿ ಇಟ್ಟರೆ, ಕೆಳಗೆ ನಿಲ್ಲುವ ಪದರು ಹತ್ತರಷ್ಟಲ್ಲ, ಹೆಚ್ಚುಕಡಿಮೆ ಮೂವತ್ತರಷ್ಟು ಕಾಣುವದು. ಹೆಚ್ಚಾದದ್ದೇ ಎಥೆನಾಲ್.

ನಮ್ಮ ರಸ್ತೆಗಳ ಮೇಲಿನ ಗಾಡಿಗಳ ಟಾಕಿ ಬಹುಮಟ್ಟಿಗೆ ಉಕ್ಕಿನ ತಗಡಿನದು. ತಳಕ್ಕೆ ಇಳಿದ ಈ ಪದರು ತಗಡನ್ನು ಹಗಲಿರುಳು ತಿಂದು ತುಕ್ಕು ಹಿಡಿಸುವದು. ನಮ್ಮ ಆಡುಮಾತಿನಲ್ಲಿ ಜಂಗು. ಮೇಲಾಗಿ ಎಥೆನಾಲು ಹಳೆಯ ಹೊಲಸನ್ನು ಸಡಿಲಿಸಿ ಕಾರ್ಬುರೇಟರಿಗೆ ಕಳಿಸುವದು. ಹೊರದೇಶದ ಕೆಲವು ಗಾಡಿಗಳ ಟಾಕಿಗಳು ನೈಲಾನ್ ಜಾತಿಯ ಪ್ಲಾಸ್ಟಿಕ್ಕಿನವು. ಅವಕ್ಕೆ ಜಂಗಿನ ಭಯವಿಲ್ಲ. ಆದರೆ ಎಥೆನಾಲನ್ನೂ ನೀರನ್ನೂ ಹೀರಿ ಅವು ಊದಿಕೊಳ್ಳುವವು. ಆಗ ಬೋಲ್ಟಿನ ತೂತುಗಳು ಒಂದಕ್ಕೊಂದು ಕೂಡವು. ಬಣ್ಣವು ಗುಳ್ಳೆಯಾಗಿ ಏಳುವದು. ಅಂಥ ಟಾಕಿಯನ್ನು ಬರಿದುಮಾಡಿ ವಾರಗಟ್ಟಲೆ ಗಾಳಿಗೆ ಒಣಗಿಸಿದರೆ ಬಹುಮಟ್ಟಿಗೆ ಕುಗ್ಗುವದು. ಬಳಿಕ ಒಳಗೆ ಎಥೆನಾಲ್ ತಾಳುವ ಎಪಾಕ್ಸಿ ಲೇಪವನ್ನು ಕೊಟ್ಟು, ಆಮೇಲೆಯೇ ಹೊರಗೆ ಬಣ್ಣ ಬಳಿಯಬೇಕು.

ನಮ್ಮ ತಂದೆಯವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಬಬಲೇಶ್ವರದ ಕಡೆಯ ನಮ್ಮ ಹಳ್ಳಿಯಿಂದ ಡೋಣಿಯನ್ನು ದಾಟಿ ದಿನಾಲು ವಿಜಯಪುರಕ್ಕೆ ಹಾಲಿನ ಕ್ಯಾನುಗಳನ್ನು ಹಳೆಯ ಗಾಡಿಯ ಮೇಲೆ ತರುವರು. ನಮ್ಮ ಮನೆತನದಲ್ಲಿ ಮೊದಲು ಪದವಿಯ ತರಗತಿಗೆ ಬಂದವನು ನಾನು. ನನ್ನ ಫೀ ಹಾಗೂ ಪುಸ್ತಕಗಳೆಲ್ಲ ಆ ಗಾಡಿಯ ಮೇಲೆಯೇ ಬಂದಂಥವು. ಅದರ ಟಾಕಿ ತಳದ ಬೆಸುಗೆಯಲ್ಲಿ ಸೋರತೊಡಗಿದಾಗ ಹೊಸದನ್ನು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆಸಿರೆಂದು ಹಲವರು ಹೇಳಿದರು. ಗ್ಯಾರೇಜಿನ ಮಿಸ್ತ್ರಿಯವರು ಮಾತ್ರ ನಕ್ಕು, “ತಮ್ಮಾ, ಹೊಟ್ಟಿ ಬ್ಯಾನಿಗೆ ಹಣಿಗೆ ಮುಲಾಮು ಹಚ್ಚಿದರ ಏನ್ ಬಂತು?” ಎಂದರು. ಈ ವಿದ್ಯೆಯ ಸಾರವೆಲ್ಲ ಆ ಮಾತಿನಲ್ಲಿದೆ. ಚಿಕಿತ್ಸೆ ಒಳಗಿನಿಂದ ಆರಂಭವಾಗಬೇಕು.

ಮೊದಲು ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ, ಪೆಟ್ರೋಲನ್ನು ಪೂರ್ತಿ ಇಳಿಸಬೇಕು. ಕಾಕು, ಮುಚ್ಚಳ ಹಾಗೂ ಪೆಟ್ರೋಲಿನ ಮಟ್ಟ ತೋರಿಸುವ ತೇಲುಗುಂಡನ್ನು ಬಿಚ್ಚಿ, ಸಾಬೂನು ಪುಡಿಯ ನೀರಿನಿಂದ ಮೂರು ನಾಲ್ಕು ಸಲ ತೊಳೆಯಬೇಕು. ಬರಿದಾದ ಟಾಕಿ ತುಂಬಿದ ಟಾಕಿಗಿಂತ ಅಪಾಯಕಾರಿ ಎಂಬುದನ್ನು ಮರೆಯಬಾರದು. ಗಾಳಿಯಲ್ಲಿ ನೂರಕ್ಕೆ ಒಂದೂವರೆಯಷ್ಟು ಪೆಟ್ರೋಲಿನ ಆವಿ ಇದ್ದರೂ ಒಂದು ಕಿಡಿಗೆ ಸಿಡಿಯುವದು.

ತರುವಾಯ ಸಣ್ಣ ನಟ್ಟುಗಳನ್ನು ಎಣಿಸಿ ಒಳಗೆ ಹಾಕಿ ಕುಲುಕಿದರೆ ದಪ್ಪ ಜಂಗು ಉದುರುವದು. ಹಾಕಿದಷ್ಟು ನಟ್ಟುಗಳು ಹೊರಬಂದವೋ ಎಂದು ಮತ್ತೆ ಎಣಿಸಬೇಕು. ಬಳಿಕ ಲೀಟರಿಗೆ 50ರಿಂದ 100 ಗ್ರಾಮಿನಂತೆ ನಿಂಬೆ ಉಪ್ಪನ್ನು ಬಿಸಿ ನೀರಿನಲ್ಲಿ ಕರಗಿಸಿ, ಟಾಕಿಯ ತುಂಬ ಹಾಕಿ ಒಂದು ರಾತ್ರಿ ಬಿಡಬೇಕು. ಬೆಳಗಾಗುವದರೊಳಗೆ ನೀರು ಬಣ್ಣಗೆಟ್ಟು ಒಳಗಿನ ತಗಡು ಬೂದುಬಣ್ಣಕ್ಕೆ ಬಂದಿರುವದು. ಕೂಡಲೆ ಅಡಿಗೆ ಸೋಡಾದ ನೀರಿನಿಂದ ಹುಳಿಯನ್ನು ಕಳೆದು, ತೊಳೆದು, ಗಾಳಿ ಹೊಡೆದು ಒಣಗಿಸಬೇಕು. ತಡವಾದರೆ ಗಳಿಗೆಯಲ್ಲಿ ಹೊಸ ಜಂಗು ಹುಟ್ಟುವದು.

ಸೋರುವ ತೂತನ್ನು ಅನುಭವಿಗಳಿಂದ ಹಿತ್ತಾಳೆ ಬೆಸುಗೆ ಹಾಕಿಸುವದು ಉತ್ತಮ. ತಗಡು ಹಲವೆಡೆ ತೆಳ್ಳಗಾಗಿದ್ದರೆ ಎಥೆನಾಲ್ ತಾಳುವ ಎಪಾಕ್ಸಿ ಲೇಪವನ್ನು ಒಳಗೆಲ್ಲ ಹರಿಸಿ, ಹೆಚ್ಚಾದದ್ದನ್ನು ಬಸಿದು, ಡಬ್ಬಿಯ ಮೇಲೆ ಬರೆದಷ್ಟು ದಿನ ಆರಲು ಬಿಡಬೇಕು. ಸಾದಾ ಮೆತ್ತುವ ಮೇಣವು ಎಥೆನಾಲಿಗೆ ಮೆತ್ತಗಾಗಿ ಕೈಬಿಡುವ ಸಂಭವವಿದೆ.

ಇನ್ನು ಬಣ್ಣದ ಸರದಿ. ಉಬ್ಬಿದ ಹಳೆಯ ಬಣ್ಣವನ್ನು ತಗಡು ಕಾಣುವವರೆಗೆ ತೆಗೆದು, 120 ನಂಬರಿನ ಪಾಲಿಶ್ ಪೇಪರಿನಿಂದ ಆರಂಭಿಸಿ 320ರವರೆಗೆ ತಿಕ್ಕಬೇಕು. ತಗ್ಗಿದ್ದಲ್ಲಿ ತೆಳ್ಳಗೆ ಪುಟ್ಟಿ, ಅದರ ಮೇಲೆ ಪ್ರೈಮರ್. ಅದನ್ನು 600 ನಂಬರಿನಿಂದ ನೀರು ಹಚ್ಚಿ ನುಣುಪುಗೊಳಿಸಿ, ಬಣ್ಣವನ್ನು ಮೂರು ತೆಳುವಾದ ಪದರುಗಳಲ್ಲಿ ಸಿಂಪಡಿಸಬೇಕು. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನದ ಗಾಳಿ ಧೂಳನ್ನು ಹೊತ್ತು ತರುವದರಿಂದ ಈ ಕೆಲಸಕ್ಕೆ ಬೆಳಗಿನ ಹೊತ್ತೇ ಲೇಸು. ಕೊನೆಗೆ ಹಾರ್ಡನರ್ ಬೆರೆಸಿದ ಪಾಲಿಯುರೆಥೇನ್ ಲ್ಯಾಕರನ್ನೇ ಹೊಡೆಯಬೇಕು. ಸಾದಾ ಲ್ಯಾಕರು ಎಥೆನಾಲಿನ ಹನಿ ಬಿದ್ದರೆ ಕರಗುವದು. ಒಂದು ವಾರ ಕಾಯ್ದು ಪೆಟ್ರೋಲು ತುಂಬಿದರೆ ಬಣ್ಣ ಗಟ್ಟಿಯಾಗಿ ನಿಲ್ಲುವದು. ಈ ಕ್ರಮದಿಂದ ಸಿದ್ಧವಾದ ನಮ್ಮ ಟಾಕಿ ಒಂದು ಮಳೆಗಾಲವನ್ನು ಸೋರದೆ ಕಳೆದಿದೆ.

ರೋಗ ಬಾರದಂತೆ ನೋಡಿಕೊಳ್ಳುವದು ಇನ್ನೂ ಸುಲಭ. ಗಾಡಿ ಬಹುದಿನ ನಿಲ್ಲುವದಿದ್ದರೆ ಟಾಕಿಯನ್ನು ತುಂಬಿಡಬೇಕು. ಖಾಲಿ ಜಾಗ ಕಡಿಮೆಯಾದಷ್ಟೂ ತೇವದ ಗಾಳಿಗೆ ಎಡೆಯಿಲ್ಲ. ಮಳೆಗಾಲದ ಮೊದಲು ಮುಚ್ಚಳದ ರಬ್ಬರನ್ನೂ ಪೆಟ್ರೋಲ್ ಪೈಪನ್ನೂ ನೋಡಬೇಕು. ಆಗಾಗ ತಳದ ಪೆಟ್ರೋಲನ್ನು ಒಂದು ಗಾಜಿನ ಬಾಟಲಿಗೆ ಇಳಿಸಿ, ನೀರಿನ ಪದರು ಇದೆಯೋ ಎಂದು ಪರೀಕ್ಷಿಸಬೇಕು.

2023ರ ಎಪ್ರಿಲ್‌ನಿಂದ ತಯಾರಾದ ಗಾಡಿಗಳು ಈ ಹೊಸ ಪೆಟ್ರೋಲಿಗೆ ತಕ್ಕ ಸಾಮಗ್ರಿಗಳಿಂದ ಆದವು. ಆದರೆ ಹೊಸ ಗಾಡಿ ಉಳ್ಳವರ ಮನೆಗೆ ಮೊದಲು ಬರುವದು. ಹಳೆಯದು ಬಡವರ ಮನೆಯಲ್ಲಿ ಉಳಿಯುವದು. ನಾಡಿಗೆ ಹಿತವಾದ ಒಂದು ಬದಲಾವಣೆಯ ಭಾರವನ್ನು ಹೀಗೆ ಅರಿಯದವರೇ ಹೊರುವಂತಾಗಬಾರದು. ಪುಸ್ತಕ ಹಿಡಿಯಲು ಅವಕಾಶ ದೊರೆತ ನಾವು ಇಂಥ ಸಣ್ಣ ತಿಳಿವಳಿಕೆಯನ್ನು ನಮ್ಮ ನಮ್ಮ ಊರಿನ ಕಟ್ಟೆಗಳಿಗೆ ಮುಟ್ಟಿಸಿದರೆ, ನಮ್ಮನ್ನು ಓದಿಸಿದವರ ಋಣವು ಅಷ್ಟರಮಟ್ಟಿಗಾದರೂ ಹಗುರಾಗುವದು.