ವೇದಾವತಿ ಕಣಿವೆಯ ನೀರಿನಲ್ಲಿ ಕಣ್ಣಿಗೆ ಕಾಣದ ಅಂಶಗಳು

ಬಾವಿಯ ನೀರು ತಿಳಿಯಾಗಿದ್ದು ಬಾಯಿಗೆ ಉಪ್ಪೆನಿಸದಿದ್ದರೆ ಅದು ಒಳ್ಳೆಯ ನೀರೆಂದು ನಾವು ತೀರ್ಮಾನಿಸುತ್ತೇವೆ. ಉಪ್ಪನ್ನು ನಾಲಿಗೆ ಗುರುತಿಸಬಲ್ಲದು. ಲೀಟರಿಗೆ ಒಂದೆರಡು ಮಿಲಿಗ್ರಾಂ ಇರುವ ಫ್ಲೋರೈಡ್, ಬೋರಾನ್ ಮುಂತಾದವು ಮಾತ್ರ ರುಚಿಗೂ ಸಿಗವು, ಬಣ್ಣದಲ್ಲೂ ತೋರವು.

ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ಹುಟ್ಟುವ ವೇದಾ ಮತ್ತು ಅವತಿ ಹೊಳೆಗಳು ಕೂಡಿ ಆದ ವೇದಾವತಿಯು ಮಾರಿಕಣಿವೆಯ ವಾಣಿವಿಲಾಸ ಸಾಗರವನ್ನು ತುಂಬಿ, ಹಿರಿಯೂರು, ಚಳ್ಳಕೆರೆ ಸೀಮೆಯನ್ನು ಹಾದು, ಬಳ್ಳಾರಿಯ ಕಡೆ ಹಗರಿ ಎಂಬ ಹೆಸರಿನಿಂದ ತುಂಗಭದ್ರೆಯನ್ನು ಸೇರುತ್ತದೆ. ಈ ಕಣಿವೆಯ ಬಹುಭಾಗದ ಅಡಿಯಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಕಲ್ಲು. ಇದರೊಳಗಿನ ಕಪ್ಪು ಅಭ್ರಕ, ಅಪಟೈಟ್ ಮುಂತಾದ ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಹೊಳೆಯ ನೀರು ಕಲ್ಲನ್ನು ಸೋಕಿ ಮುಂದೆ ಹರಿದುಹೋಗುತ್ತದೆ. ಅಂತರ್ಜಲವಾದರೋ ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು ಖನಿಜಗಳನ್ನು ಕರಗಿಸಿಕೊಳ್ಳುತ್ತದೆ. ಕೆರೆಯ ನೀರಿಗಿಂತ ಆಳದ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಹೆಚ್ಚಿರುವುದು ಈ ಕಾರಣದಿಂದಲೇ.

ಇಲ್ಲಿ ಕ್ಯಾಲ್ಸಿಯಂನ ಪಾತ್ರ ದೊಡ್ಡದು. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡಿನೊಡನೆ ಸೇರಿ, ಹೆಚ್ಚು ಕರಗದಂತೆ ತಡೆಯುತ್ತದೆ. ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವೆಡೆ ಕ್ಯಾಲ್ಸಿಯಂ ಸುಣ್ಣದ ಹರಳಾಗಿ ಮಣ್ಣಿನಲ್ಲೇ ಉಳಿದುಬಿಡುತ್ತದೆ. ನೀರಿನಲ್ಲಿ ಸೋಡಿಯಂ ಮತ್ತು ಬೈಕಾರ್ಬೊನೇಟ್ ಮೇಲುಗೈ ಪಡೆಯುತ್ತವೆ. ಆಗ ಫ್ಲೋರೈಡನ್ನು ತಡೆಯುವವರಿಲ್ಲ. ಸೋಪು ಚೆನ್ನಾಗಿ ನೊರೆ ಬರುತ್ತದೆ, ಬೇಳೆ ಬೇಗ ಬೇಯುತ್ತದೆ ಎಂದು ಮನೆಯವರು ಹೊಗಳುವುದು ಇಂತಹ ಮೆದು ನೀರನ್ನೇ. ನನ್ನ ಅಭಿಪ್ರಾಯದಲ್ಲಿ ಮೊದಲು ಪರೀಕ್ಷಿಸಬೇಕಾದದ್ದೂ ಇದನ್ನೇ.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು; ಬೇರೆ ನೀರೇ ಇಲ್ಲದೆಡೆ 1.5 ಮಿ.ಗ್ರಾಂವರೆಗೆ ಭಾರತೀಯ ಮಾನಕ ಒಪ್ಪುತ್ತದೆ. ಮೀರಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡುತ್ತದೆ. ಬಹುಕಾಲ ಹೆಚ್ಚಿನ ಪ್ರಮಾಣ ಕುಡಿದವರ ಬೆನ್ನುಮೂಳೆ, ಕೀಲುಗಳು ಬಿಗಿದುಕೊಳ್ಳುತ್ತವೆ. ದನಕರುಗಳಿಗೂ ಈ ತೊಂದರೆ ತಪ್ಪಿದ್ದಲ್ಲ. ನಮ್ಮ ದೇಶದಲ್ಲಿ ಈ ರೋಗವು 1937ರಲ್ಲೇ ನೆಲ್ಲೂರು ಜಿಲ್ಲೆಯಿಂದ ವರದಿಯಾಗಿತ್ತು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆವಿಯಾದಷ್ಟು ನೀರು ಕಡಿಮೆಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಮನೆಯ ಮಾಳಿಗೆಯ ಮಳೆನೀರನ್ನು ಶುದ್ಧವಾಗಿ ಶೇಖರಿಸಿ ಕುಡಿಯಲು, ಅಡಿಗೆಗೆ ಬಳಸುವುದು ಉತ್ತಮ.

ಇನ್ನು ಬೆಳೆಯ ವಿಚಾರ. ಈ ಪ್ರಮಾಣದ ಫ್ಲೋರೈಡಿನಿಂದ ಪೈರಿಗೆ ನೇರ ಹಾನಿ ಅಪರೂಪ. ಜೊತೆಯಲ್ಲಿ ಬರುವ ಬೈಕಾರ್ಬೊನೇಟ್ ಮಾತ್ರ ಮಣ್ಣಿನ ರಸಸಾರವನ್ನು ಏರಿಸಿ ಕಬ್ಬಿಣ, ಸತುವುಗಳನ್ನು ಬೇರಿಗೆ ಸಿಗದಂತೆ ಮಾಡುತ್ತದೆ. "ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೇನು ಕೊರತೆ?" ಎಂದು ರೈತರು ಕೇಳುವುದುಂಟು. ಕಬ್ಬಿಣವಿದೆ, ಆದರೆ ಕರಗಿದ ರೂಪದಲ್ಲಿಲ್ಲ. ಶೇಂಗಾದ ಎಳೆಯ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಹಳದಿಯಾದರೆ, ಲೀಟರ್ ನೀರಿಗೆ 5 ಗ್ರಾಂ ಕಬ್ಬಿಣದ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ, 10 ದಿನಗಳ ಅಂತರದಲ್ಲಿ ಎರಡು ಮೂರು ಸಲ ಸಿಂಪಡಿಸಬೇಕು. ಭತ್ತಕ್ಕೆ ಸತುವಿನ ಕೊರತೆಯಿದ್ದಲ್ಲಿ ನಾಟಿಗೆ ಮುಂಚೆ ಎಕರೆಗೆ 10 ಕಿ.ಗ್ರಾಂ ಸತುವಿನ ಸಲ್ಫೇಟನ್ನು, ರಂಜಕ ಗೊಬ್ಬರದೊಡನೆ ಬೆರೆಸದೆ, ಕೊಡಬೇಕು. ನೀರಿನಲ್ಲಿ ಬೋರಾನ್ 0.7 ಮಿ.ಗ್ರಾಂ ಒಳಗಿದ್ದರೆ ಹೆಚ್ಚಿನ ಬೆಳೆಗಳಿಗೆ ಭಯವಿಲ್ಲ. ಬೋರಾನ್ ಹೆಚ್ಚಾದಾಗ ನಿಂಬೆ, ದ್ರಾಕ್ಷಿ ಮೊದಲು ಸೊರಗುತ್ತವೆ.

ಕಾಲುವೆ ನೀರು ಬಂದರೆ ಎಲ್ಲವೂ ಸರಿಹೋಗುವುದೆಂದು ಭಾವಿಸಬೇಡಿ. ಕೃಷ್ಣಾ ಕಣಿವೆಯ ಕೆಳಭಾಗದಲ್ಲಿ, ನಾಗಾರ್ಜುನಸಾಗರದ ಸುತ್ತ, ಜಲಾಶಯ ಮತ್ತು ಕಾಲುವೆಗಳ ಬಸಿನೀರಿನಿಂದ ಅಂತರ್ಜಲ ಮೇಲೇರಿ ಮಣ್ಣಿನ ಕ್ಷಾರ ಹೆಚ್ಚಿತು. ಮಾಲಿಬ್ಡಿನಂನ ಗುಣ ಕಬ್ಬಿಣಕ್ಕೆ ವಿರುದ್ಧ. ಕ್ಷಾರದಲ್ಲಿ ಅದು ಹೆಚ್ಚು ಒದಗುತ್ತದೆ. ಜೋಳದ ಕಾಳಿನಲ್ಲಿ ಅದರ ಪ್ರಮಾಣ ಏರಿದ್ದನ್ನೂ, ಅದು ದೇಹದ ತಾಮ್ರವನ್ನು ಹೊರದೂಡುವುದನ್ನೂ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯವರು 1970ರ ದಶಕದಲ್ಲಿ ಗುರುತಿಸಿದರು. ಫ್ಲೋರೈಡ್ ಹೆಚ್ಚಿದ್ದ ಹಳ್ಳಿಗಳಲ್ಲಿ ಎಳೆಯರ ಮೊಣಕಾಲು ಒಳಬಾಗುವ ರೋಗಕ್ಕೆ ಇದೂ ಒಂದು ಕಾರಣವೆಂದು ಅವರು ಭಾವಿಸಿದರು. ಆದ್ದರಿಂದ ನೀರಾವರಿಯೊಡನೆ ಬಸಿಗಾಲುವೆಯೂ ಇರಲೇಬೇಕು.

ಪರೀಕ್ಷೆಗೆ ನೀರು ತೆಗೆಯುವಾಗ ಪಂಪನ್ನು 10-15 ನಿಮಿಷ ಓಡಿಸಿ, ಅದೇ ನೀರಿನಲ್ಲಿ ಪ್ಲಾಸ್ಟಿಕ್ ಶೀಸೆಯನ್ನು ಮೂರು ಸಲ ತೊಳೆದು, ಒಂದು ಲೀಟರ್ ತುಂಬಿಸಿರಿ. ಗಾಜಿನ ಶೀಸೆ ಬೇಡ, ಕೆಲವು ಗಾಜಿನಿಂದಲೇ ಬೋರಾನ್ ಬಿಡುತ್ತದೆ. ಸರ್ವೆ ನಂಬರು, ಬಾವಿಯ ಆಳ, ದಿನಾಂಕ ಬರೆದ ಚೀಟಿ ಅಂಟಿಸಿ, ಬೇಸಿಗೆಯಲ್ಲೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ ಕಳುಹಿಸಿರಿ. ಬಾವಿಯನ್ನು ಇನ್ನಷ್ಟು ಆಳಕ್ಕೆ ಕೊರೆಸಿದರೆ ಹಳೆಯ ವರದಿಯನ್ನು ನಂಬದೆ ಹೊಸದಾಗಿ ಪರೀಕ್ಷೆ ಮಾಡಿಸಿರಿ.