ಎಳೆಯ ಎಲೆಯ ಅಡುಗೆ: ಜಪಾನಿನ ಮಿತ್ಸುಬಾ, ನಮ್ಮ ಒಂದೆಲಗ



ಚಿಂತಾಮಣಿ ತಾಲ್ಲೂಕಿನ ಕೈವಾರದ ಸುತ್ತಮುತ್ತ ಸೊಪ್ಪೆಂದರೆ ಮುದ್ದೆಗೆ ಮಸ್ಸೊಪ್ಪು, ಇಲ್ಲವೇ ಬಸ್ಸಾರು. ಬೆರಕೆ ಸೊಪ್ಪನ್ನು ಬೇಳೆಯೊಡನೆ ಚೆನ್ನಾಗಿ ಬೇಯಿಸಬೇಕು. ಆದರೆ ಅದೇ ಮನೆಯಲ್ಲಿ ಕೊತ್ತಂಬರಿ ಸೊಪ್ಪನ್ನು ಮಾತ್ರ ಸಾರು ಇಳಿಸಿದ ಮೇಲೆಯೇ ಹಾಕುತ್ತಾರೆ. ಮೊದಲೇ ಹಾಕಿದರೆ ಪರಿಮಳವೆಲ್ಲ ಆವಿಯೊಡನೆ ಹೋಗುತ್ತದೆ.

ಜಪಾನಿನ ಮಿತ್ಸುಬಾ ಎಂಬ ಸೊಪ್ಪಿಗೂ ಇದೇ ನಿಯಮ. ಮಿತ್ಸುಬಾ ಎಂದರೆ 'ಮೂರೆಲೆ'. ಇದು ನೆರಳು ಮತ್ತು ತೇವದಲ್ಲಿ ಬೆಳೆಯುವ, ಕೊತ್ತಂಬರಿ ಕುಟುಂಬಕ್ಕೆ ಸೇರಿದ ಗಿಡ. ಅಲ್ಲಿಯವರು ಇದನ್ನು ತಿಳಿಸಾರಿಗೆ ಕೊನೆಯಲ್ಲಿ ಉದುರಿಸುತ್ತಾರೆ; ಹೆಚ್ಚು ಬೆಂದರೆ ಪರಿಮಳ ಹೋಗಿ ಕಹಿಯಾಗುತ್ತದೆ. ಇದೇ ಕುಟುಂಬದ, ಇದೇ ನೆರಳು ಮತ್ತು ತೇವ ಬಯಸುವ ಗಿಡ ನಮ್ಮ ಅಡಿಕೆ ತೋಟದಲ್ಲಿಯೇ ಇದೆ: ಒಂದೆಲಗ. ತುಳುವಿನಲ್ಲಿ ಇದು ತಿಮರೆ.

ತಂಬುಳಿ ಮಾಡುವ ಕ್ರಮ

ಒಂದು ಹಿಡಿ ಎಳೆಯ ಒಂದೆಲಗವನ್ನು ಮಣ್ಣು ಹೋಗುವಂತೆ ಮೂರು ನಾಲ್ಕು ನೀರಿನಲ್ಲಿ ತೊಳೆಯಿರಿ. ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸನ್ನು ತುಪ್ಪದಲ್ಲಿ ಹುರಿದು ಆರಿಸಿ. ಇವನ್ನೂ ಹಸಿ ಸೊಪ್ಪನ್ನೂ ಮೂರು ಚಮಚ ತೆಂಗಿನ ತುರಿಯೊಡನೆ ನುಣ್ಣಗೆ ರುಬ್ಬಿ, ಎರಡು ಲೋಟ ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಿ. ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಡಿ. ಬೆರೆಸಿದ ಮೇಲೆ ಒಲೆಯ ಮೇಲಿಡಬಾರದು. ಕುದಿಸಿದರೆ ಮಜ್ಜಿಗೆ ಒಡೆಯುತ್ತದೆ, ಸೊಪ್ಪಿನ ಪರಿಮಳವೂ ಉಳಿಯದು. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿಯೂ ಇಡಬೇಡಿ. ಹುಳಿಗೆ ಲೋಹ ಬಿಡುತ್ತದೆ.

ಎಲ್ಲಿಂದ ಕೊಯ್ಯಬೇಕು?

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಬೇಯಿಸದೆ ತಿನ್ನುವ ಸೊಪ್ಪಾದ್ದರಿಂದ ಅದರ ಮೇಲೆ ಬಿದ್ದದ್ದೆಲ್ಲ ನೇರವಾಗಿ ನಮ್ಮ ಹೊಟ್ಟೆಗೆ ಬರುತ್ತದೆ. ಕೊಳೆರೋಗ ತಡೆಯಲು ಅಡಿಕೆ ಗೊನೆಗಳಿಗೆ ಶೇಕಡಾ 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಮತ್ತು 1 ಕಿಲೋ ಸುಣ್ಣ, ಹೊಡೆಯುತ್ತೇವೆ. ಗೊನೆಯಿಂದ ತೊಟ್ಟಿಕ್ಕಿದ್ದು ಬುಡದ ಒಂದೆಲಗದ ಮೇಲೆಯೇ ಬೀಳುತ್ತದೆ. ಮಳೆಗೂ ತೊಳೆದುಹೋಗದೆ ಅಂಟಿಕೊಳ್ಳುವುದೇ ಈ ದ್ರಾವಣದ ಗುಣ. ಆದ್ದರಿಂದ ನೀರಿನಲ್ಲಿ ಜಾಲಿಸಿದ ಮಾತ್ರಕ್ಕೆ ಸೊಪ್ಪು ಶುದ್ಧವಾಯಿತೆಂದು ತಿಳಿಯಬಾರದು. ಔಷಧಿ ಹೊಡೆದ ತೋಟದ ಸೊಪ್ಪನ್ನು ಆ ಮಳೆಗಾಲ ಮುಗಿಯುವವರೆಗೆ ಅಡುಗೆಗೆ ತರಬೇಡಿ. ಕಳೆನಾಶಕ ಬಳಸಿದ ಜಾಗ, ಕೊಟ್ಟಿಗೆ ನೀರು ಹರಿಯುವ ಕಾಲುವೆ ಇವುಗಳ ಸೊಪ್ಪೂ ಬೇಡ.

ಪರಿಹಾರ ಸುಲಭ. ಒಂದೆಲಗದ ಹಂಬು ಗಿಣ್ಣುಗಿಣ್ಣಿಗೂ ಬೇರು ಬಿಡುತ್ತದೆ. ನಾಲ್ಕು ತುಂಡು ತಂದು, ಬಾವಿಕಟ್ಟೆ ಅಥವಾ ಕುಡಿಯುವ ನೀರಿನ ನಲ್ಲಿಯ ಹತ್ತಿರ, ಅರೆನೆರಳಿನಲ್ಲಿ ಸಣ್ಣ ಮಡಿ ಮಾಡಿ ನೆಡಿ. ಕೈವಾರದಂಥ ಬಯಲುಸೀಮೆಯಲ್ಲಿಯೂ ಒಂದು ಅಗಲವಾದ ಕುಂಡ, ದಿನಕ್ಕೊಂದು ತಂಬಿಗೆ ನೀರು ಇದ್ದರೆ ಸಾಕು. ಹೊಡೆಯುವ ಔಷಧಿ ತೋಟಕ್ಕೆ ಬೇಕೇ ಬೇಕು. ಅಡುಗೆಯ ಸೊಪ್ಪು ಮಾತ್ರ ಅದರಿಂದ ದೂರವಿರಲಿ.