ಗೊಂಬೆಯೊಳಗಿನ ಮನುಷ್ಯ

ಆಟದ ತಂಡವೊಂದು ಗೊಂಬೆವೇಷವನ್ನು ಮಾಡಿಸಿ, ಅದನ್ನು ಶಾಲೆಗೂ ಬೀದಿಗೂ ಕಳುಹಿಸಿ ಜನರನ್ನು ಒಲಿಸಿಕೊಳ್ಳುವುದು ಪಶ್ಚಿಮದಿಂದ ಬಂದ ಹೊಸ ಜಾಣತನವೆಂದು ಹಲವರು ಬಗೆದಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಮೈಸೂರಿನ ದಸರಾ ಮೆರವಣಿಗೆಯಲ್ಲಿ ಗಾರುಡಿ ಗೊಂಬೆಯನ್ನು ಹೊತ್ತು ಕುಣಿಯುವಾತ ಈ ಕಸುಬಿನ ಹಿರಿಯ. ಹೊರಗೆ ದೊಡ್ಡ ಮುಖ, ಒಳಗೆ ಬೆವರುವ ಮನುಷ್ಯ. ಮಕ್ಕಳು ಮೊದಲು ಅಂಜುತ್ತಾರೆ. ಆಮೇಲೆ ಬೆನ್ನು ಬಿಡುವುದಿಲ್ಲ.

ನಮ್ಮ ಶ್ರೀನಗರದಿಂದ ಬಸವನಗುಡಿಗೆ ನಡೆದೇ ಹೋಗಬಹುದು. ಕಾರ್ತಿಕದ ಕಡೆಯ ಸೋಮವಾರ ಅಲ್ಲಿ ಕಡಲೆಕಾಯಿ ಪರಿಷೆ. ಬೆಳೆ ಮೇಯುತ್ತಿದ್ದ ಬಸವನಿಗೆ ರೈತರು ಮೊದಲ ಫಸಲನ್ನು ಒಪ್ಪಿಸಿ ಸ್ನೇಹ ಬೆಳೆಸಿದರೆಂಬುದು ಅದರ ಕಥೆ. 2014ರಲ್ಲಿ ಪ್ರೊ ಕಬಡ್ಡಿ ಆರಂಭವಾದಾಗ ನಮ್ಮೂರ ತಂಡವು ‘ಬೆಂಗಳೂರು ಬುಲ್ಸ್’ ಎಂದು ಗೂಳಿಯ ಹೆಸರನ್ನೇ ಧರಿಸಿತು. ಈ ಭಾಗದವರಿಗೆ ಗೂಳಿಯ ಪರಿಚಯವನ್ನು ಬೇರೆ ಮಾಡಿಕೊಡಬೇಕೆ?

ಆದರೆ ಒಲವು ಸಾಲವನ್ನೂ ತರುತ್ತದೆ. 1982ರ ದೆಹಲಿ ಏಷ್ಯಾ ಕ್ರೀಡಾಕೂಟದ ‘ಅಪ್ಪು’ ಆನೆ ದೇಶದ ಮಕ್ಕಳಿಗೆಲ್ಲ ನೆಂಟನಾಯಿತು. ಆ ಹೆಸರಿನಿಂದ ಮೆರೆದ ನಿಜವಾದ ಆನೆ, ಕೇರಳದ ಕುಟ್ಟಿನಾರಾಯಣನ್, ಕಾಲಿನ ಗಾಯದಿಂದ ಬಹುಕಾಲ ನರಳಿ 2005ರಲ್ಲಿ ತೀರಿಕೊಂಡಿತು. ಚಿತ್ರದ ಅಪ್ಪು ಮಾತ್ರ ಇಂದಿಗೂ ನಗುತ್ತಲೇ ಇದೆ.

ಆದ್ದರಿಂದ ತಂಡಗಳವರಲ್ಲಿ ನನ್ನ ಬಿನ್ನಹವಿಷ್ಟೆ: ಗೊಂಬೆಯನ್ನು ಧಾರಾಳವಾಗಿ ಕಳುಹಿಸಿರಿ. ಬಿಸಿಲಿನಲ್ಲಿ ಅದನ್ನು ಹೊತ್ತವನಿಗೆ ಗಳಿಗೆಗೊಮ್ಮೆ ನೀರು, ನೆರಳು ದೊರೆಯಲಿ. ಅದು ಕೈಬೀಸಿ ಹೊರಟುಹೋದ ಮೇಲೆ ಮಕ್ಕಳಿಗೆ ಆಡಲು ಒಂದು ಅಂಗಳವೂ, ಆಟ ಕಲಿಸಲು ಒಬ್ಬ ಗುರುವೂ ಉಳಿಯಲಿ. ಮೊದಲ ಫಸಲನ್ನು ಕೊಟ್ಟವರಿಗಲ್ಲವೆ ಬಸವ ಒಲಿದದ್ದು?